ಖೇತವಾಡಿಯ ಬೀಡಿ ಅಂಗಡಿಯೂ ದೈವೀ ಪೂರ್ಣತೆಯೂ

ಪೂಜೆಯ ಕೊನೆಗೆ ಪೂರ್ಣತೆಯನ್ನು ಸಾರುವ ಶಾಂತಿಮಂತ್ರವನ್ನು ಪಠಿಸಿ, ಪ್ರಸಾದವನ್ನು ಸ್ವೀಕರಿಸಿ, ಲೋಕಲ್ ಗಾಡಿಯ ನೂಕುನುಗ್ಗಲಿಗೆ ಮರಳುವ ಮುಂಬಯಿ ಕನ್ನಡಿಗನಲ್ಲಿ, ಆ ಮಂತ್ರದ ಅರ್ಥಕ್ಕೂ ತನ್ನ ನಿತ್ಯದ ಬಾಳಿಗೂ ನಂಟೇನೆಂಬ ಪ್ರಶ್ನೆ ಏಳುವುದು ವಿರಳ. ಆಯಾಸವಿಲ್ಲದೆ ದೊರೆತ ಪೂರ್ಣತೆ ಬಹುಬೇಗ ಬರಿಯ ಮಾತಾಗುತ್ತದೆ. ಈ ವಿಷಯದಲ್ಲಿ, ನಮಗೆ ತೀರ ಅಪರಿಚಿತರಾದ ನಾಸ್ಟಿಕ್ ಪಂಥದ ಕ್ರೈಸ್ತ ಜ್ಞಾನಿಗಳಿಂದ ನಾವು ಕಲಿಯತಕ್ಕದ್ದುಂಟು; ಅವರು ತಡೆದು ನಿಂತ ಎಡೆಯನ್ನು ದಾಟಿ ಹೋಗುವ ದಾರಿಯೂ ಇದೇ ನಗರದಲ್ಲಿ, ಅದೂ ಕನ್ನಡನಾಡಿನ ಕಡೆಯಿಂದ ಬಂದದ್ದು, ಉಂಟು.

ಕ್ರಿಸ್ತಶಕ ಎರಡನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದಲ್ಲಿ ಕಲಿತು ರೋಮಿನಲ್ಲಿ ಬೋಧಿಸಿದ, ಆ ಪಂಥದ ವ್ಯಾಲೆಂಟೈನಸನ ಅನುಯಾಯಿಗಳು ದೈವೀ ಪೂರ್ಣತೆಯನ್ನು ಪ್ಲೆರೋಮ ಎಂದು ಕರೆದರು. ಅವರನ್ನು ಖಂಡಿಸಲೆಂದೇ ಸುಮಾರು 180ರಲ್ಲಿ ಲಿಯೋನಿನ ಬಿಷಪ್ ಐರೀನಿಯಸ್ ಬರೆದ ಗ್ರಂಥದ ಪ್ರಕಾರ, ಈ ಪೂರ್ಣದೊಳಗೆ 30 ದಿವ್ಯತತ್ತ್ವಗಳು 15 ಮಿಥುನಗಳಾಗಿ ನೆಲಸಿವೆ. ಅವುಗಳಲ್ಲಿ ಕಟ್ಟಕಡೆಯವಳಾದ ಸೋಫಿಯಾ, ಅಗಮ್ಯನಾದ ಆದಿಪಿತನನ್ನು ತಾನೊಬ್ಬಳೇ ಅರಿಯಹೊರಟು ತಳಮಳಕ್ಕೊಳಗಾದಳು. ಆ ತಳಮಳದಿಂದ ಹುಟ್ಟಿ ಪೂರ್ಣದ ಎಲ್ಲೆಯಾಚೆ ಬಿದ್ದ ಶಕ್ತಿಯ ಕಣ್ಣೀರಿನಿಂದ ಜಲವೂ, ನಗೆಯಿಂದ ಬೆಳಕೂ, ಶೋಕದಿಂದ ಘನವಸ್ತುಗಳೂ ಉಂಟಾದವು. 1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿಯ ಬಳಿ ಹೂತಿಟ್ಟ ಗಡಿಗೆಯೊಂದರಲ್ಲಿ ಕಾಪ್ಟಿಕ್ ಭಾಷೆಯ ಹೊತ್ತಗೆಗಳು ದೊರೆತ ಮೇಲೆ, ಅದುವರೆಗೆ ಬಹುಮಟ್ಟಿಗೆ ವಿರೋಧಿಗಳ ಬಾಯಿಂದಲೇ ಕೇಳಬೇಕಾಗಿದ್ದ ಈ ಮತ ತನ್ನ ಪಕ್ಷವನ್ನು ತಾನೇ ಹೇಳಿಕೊಳ್ಳುವಂತಾಯಿತು.

ಈ ಕಥೆಯನ್ನು ಕಟ್ಟಿದವರು ಲೋಕದ ಕೊರತೆಯನ್ನು ಕಣ್ಣಿಟ್ಟು ನೋಡಿದವರೆಂಬುದರಲ್ಲಿ ಸಂದೇಹವಿಲ್ಲ. ದೇವರು ಪರಿಪೂರ್ಣನಾದರೆ ಹಸಿವು, ರೋಗ, ಮರಣಗಳೆಲ್ಲಿಂದ ಬಂದವೆಂಬ ಪ್ರಶ್ನೆಯನ್ನು ಅವರು ಸ್ತೋತ್ರಗಳಿಂದ ಮುಚ್ಚಿಡಲಿಲ್ಲ. ಆದಿಪಿತನನ್ನು ಅರಿಯದುದರಿಂದ ಉಂಟಾದ ಕೊರತೆ ಅರಿವಿನಿಂದಲೇ ಅಳಿಯುವುದೆಂಬ ಅವರ ಸಿದ್ಧಾಂತ ನಮ್ಮ ಅದ್ವೈತಿಗೂ ಒಪ್ಪಿಗೆಯಾಗತಕ್ಕದ್ದೇ. ಆದರೆ ಪೂರ್ಣಕ್ಕೊಂದು ಎಲ್ಲೆಯನ್ನು ಕಲ್ಪಿಸಿ, ಈ ನೆಲವನ್ನೂ ಈ ಒಡಲನ್ನೂ ಆ ಎಲ್ಲೆಯಾಚೆ ಇಟ್ಟುಬಿಟ್ಟುದರಿಂದ, ಜ್ಞಾನಿಗೆ ಇಲ್ಲಿಂದ ಹೊರಟುಹೋಗುವುದೊಂದೇ ಪುರುಷಾರ್ಥವಾಯಿತು. ಜಗತ್ತನ್ನು ಮಿಥ್ಯೆಯೆಂದು ತಳ್ಳಿ ನಡೆದವರು ನಮ್ಮಲ್ಲಿಯೂ ಇಲ್ಲದಿಲ್ಲ. ಹೊರಗೆ ಏನನ್ನಾದರೂ ಉಳಿಸಿದ ಪೂರ್ಣ ಎಷ್ಟರ ಮಟ್ಟಿಗೆ ಪೂರ್ಣವೆಂಬ ಆಕ್ಷೇಪ ಅವರಿಗೂ ಸಲ್ಲುತ್ತದೆ.

ಇದಕ್ಕೆ ಉತ್ತರ ವಾದದಲ್ಲಿ ದೊರೆಯುವುದಕ್ಕಿಂತ ಬಾಳಿನಲ್ಲಿ ದೊರೆಯುವುದು ಲೇಸು. ಲಿಂಗಾಯತರಾದ ನಿಂಬರಗಿ ಮಹಾರಾಜರಿಂದ ಬ್ರಾಹ್ಮಣರಾದ ಉಮದಿಯ ಭಾವೂಸಾಹೇಬ ಮಹಾರಾಜರಿಗೆ ಇಳಿದು ಬಂದು, ವಿಜಾಪುರ ಜಿಲ್ಲೆಯ ಇಂಚಗೇರಿಯಲ್ಲಿ ಮಠವಾಗಿ ನಿಂತ ಗುರುಪರಂಪರೆಯನ್ನು ತತ್ತ್ವಜ್ಞಾನಿ ಗುರುದೇವ ರಾನಡೆಯವರ ಮೂಲಕ ಅನೇಕರು ಬಲ್ಲರು. ಅದೇ ಪರಂಪರೆಯ ಸಿದ್ಧರಾಮೇಶ್ವರ ಮಹಾರಾಜರು ವಿಜಾಪುರದಲ್ಲಿ ಲೆಕ್ಕ ಬರೆಯುವ ಕೆಲಸದಲ್ಲಿದ್ದವರು, ಭಾವೂಸಾಹೇಬರಿಂದ ಉಪದೇಶ ಪಡೆದು, ಮುಂದೆ ಮುಂಬಯಿಯಲ್ಲಿ ಬೋಧಿಸಿ 1936ರಲ್ಲಿ ದೇಹವಿಟ್ಟರು. ಅವರ ಸಮಾಧಿ ವಾಲ್ಕೇಶ್ವರದ ಬಾಣಗಂಗೆಯಲ್ಲಿದೆ.

ಅವರ ಶಿಷ್ಯರಾದ ಮಾರುತಿ ಕಾಂಬಳಿ, ಮುಂದೆ ನಿಸರ್ಗದತ್ತ ಮಹಾರಾಜರೆಂದು ಖ್ಯಾತರಾದವರು, ಗಿರಗಾಂವ್ ಪರಿಸರದ ಖೇತವಾಡಿಯಲ್ಲಿ ಬೀಡಿ ವ್ಯಾಪಾರ ಮಾಡುತ್ತಿದ್ದ ಸಂಸಾರಸ್ಥರು. ಗುರು ತೀರಿಕೊಂಡ ಮರುವರ್ಷ ಅವರು ಮನೆಯನ್ನೂ ಅಂಗಡಿಗಳನ್ನೂ ತೊರೆದು, ತೀರ್ಥಕ್ಷೇತ್ರಗಳನ್ನು ಸುತ್ತುತ್ತ ಹಿಮಾಲಯದತ್ತ ನಡೆದರು. ದಾರಿಯಲ್ಲಿ ಗುರುಬಂಧುವೊಬ್ಬರು ಎದುರಾಗಿ, ನಿಷ್ಕಾಮವಾಗಿ ಸಂಸಾರದಲ್ಲಿ ನಡೆದುಕೊಳ್ಳುವುದೇ ಹೆಚ್ಚಿನದೆಂದು ಮನಗಾಣಿಸಲಾಗಿ, ಹಿಂದಿರುಗಿ ಬಂದು ಉಳಿದಿದ್ದ ಒಂದೇ ಅಂಗಡಿಯಲ್ಲಿ ಮತ್ತೆ ಕುಳಿತರು. ಸೋಫಿಯಾಳ ಕಥೆಯಲ್ಲಿ ಅರಿವು ಲೋಕದಿಂದ ಮೇಲಕ್ಕೆ ಏರಿಹೋಗುತ್ತದೆ. ಇಲ್ಲಿ ಅದು ತೂಕದ ತಕ್ಕಡಿಗೂ ಹೆಂಡತಿ ಮಕ್ಕಳಿಗೂ ಮರಳಿ ಬಂದಿತು. ಅವರ ಮನೆಯ ಇಕ್ಕಟ್ಟಾದ ಅಟ್ಟದ ಕೋಣೆಯಲ್ಲಿ ನಡೆದ ಮರಾಠಿ ಸಂವಾದಗಳನ್ನು, 1930ರ ದಶಕದಲ್ಲಿ ಬೆಂಗಳೂರಿನ ಸರಕಾರಿ ವಿದ್ಯುತ್ ಕಾರ್ಖಾನೆಯಲ್ಲಿ ದುಡಿದ ಪೋಲೆಂಡಿನ ಇಂಜಿನಿಯರ್ ಮೊರಿಸ್ ಫ್ರಿಡ್‌ಮನ್ ಇಂಗ್ಲಿಷಿಗೆ ತಂದ 'ಐ ಆಮ್ ದಟ್' ಗ್ರಂಥ 1973ರಲ್ಲಿ ಮುಂಬಯಿಯ ಚೇತನಾ ಪ್ರಕಾಶನದಿಂದ ಹೊರಬಂದ ಮೇಲೆ, ದೇಶಾಂತರಗಳ ಜಿಜ್ಞಾಸುಗಳು ಆ ಗಲ್ಲಿಯನ್ನು ಹುಡುಕಿಕೊಂಡು ಬಂದರು.

ಪೂರ್ಣತೆಯ ಮಾತನಾಡುವವನು ನಾಸ್ಟಿಕರಂತೆ ಕೊರತೆಯನ್ನು ಕಂಡು ನೋಯಲೂ ಬೇಕು, ಖೇತವಾಡಿಯ ವ್ಯಾಪಾರಿಯಂತೆ ಆ ಕೊರತೆಯ ನಡುವೆಯೇ ಮರಳಿ ನಿಲ್ಲಲೂ ಬೇಕು. ಎರಡರಲ್ಲೊಂದು ತಪ್ಪಿದರೂ ಮಾತು ಪೊಳ್ಳಾಗುತ್ತದೆ. 1926ರಲ್ಲಿ ಹುಟ್ಟಿದ ಮಾಟುಂಗದ ಮೈಸೂರು ಅಸೋಸಿಯೇಷನ್ ಮೊದಲಾಗಿ ಇಲ್ಲಿಯ ಕನ್ನಡ ಸಂಸ್ಥೆಗಳು ವಚನಕಾರರನ್ನೂ ದಾಸರನ್ನೂ ನೆನೆಯುವಂತೆ, ಇಂಚಗೇರಿಯಿಂದ ಬಾಣಗಂಗೆಯವರೆಗೆ ಹರಿದು ಬಂದ ಈ ಪರಂಪರೆಯನ್ನೂ ನಮ್ಮ ಮನೆಯ ಸ್ವತ್ತೆಂದು ಭಾವಿಸಿ ವ್ಯಾಸಂಗಕ್ಕೆ ಎತ್ತಿಕೊಳ್ಳಲಿ ಎಂಬುದು ನನ್ನ ವಿನಂತಿ.