ಸಂಶೋಧನೆಗೆ ವಿಷಯ ನಮ್ಮೂರಲ್ಲೇ ಇದೆ

ಎಂ.ಎ. ಓದುವ ನಮ್ಮ ಹಳೆ ವಿದ್ಯಾರ್ಥಿಗಳು ಸಮಾಜಶಾಸ್ತ್ರದ ಪ್ರಬಂಧಕ್ಕೆ ‘ಜಾಗತೀಕರಣ ಮತ್ತು ಕನ್ನಡ’ ಎಂಬಂಥ ವಿಷಯ ಹಿಡಿದು ಬರುತ್ತಾರೆ. ಅದು ಒಬ್ಬರ ಕೈಗೆ ನಿಲುಕುವುದಲ್ಲ. ಎಂ.ಎನ್. ಶ್ರೀನಿವಾಸರು 1948ರಲ್ಲಿ ಮೈಸೂರು ಬಳಿಯ ಒಂದೇ ಹಳ್ಳಿಯಲ್ಲಿ ಕುಳಿತು ನೋಡಿದರು. ‘ಪ್ರಬಲ ಜಾತಿ’ ಎಂಬ ಪರಿಕಲ್ಪನೆ ಬೆಳೆದದ್ದು ಅಲ್ಲಿಂದಲೇ.

ನಮ್ಮ ಕಾಸರಗೋಡು 1956ರಲ್ಲಿ ಕೇರಳಕ್ಕೆ ಸೇರಿತು. ಇಲ್ಲಿನ ಮಕ್ಕಳು ಯಾವ ತರಗತಿಯಲ್ಲಿ ಕನ್ನಡ ಮಾಧ್ಯಮ ಬಿಡುತ್ತಾರೆ? ಮನೆಯಲ್ಲಿ ಅದನ್ನು ತೀರ್ಮಾನಿಸುವವರು ಯಾರು? ನಾಲ್ಕು ಶಾಲೆಗಳ ಅಡ್ಮಿಶನ್ ರಿಜಿಸ್ಟರ್, ಐವತ್ತು ಮನೆಗಳ ಭೇಟಿ ಸಾಕು. ನಡೆದುಹೋಗಿ ಕೇಳಬಹುದಾದ ಪ್ರಶ್ನೆಯೇ ಒಳ್ಳೆಯ ವಿಷಯ.

ಶಾಲೆ ಉಳಿಸಿ ಎಂದು ಮನವಿ ಕೊಡುವಾಗ ನಮ್ಮ ಬಳಿ ಬೇಸರವಿರುತ್ತದೆ, ಲೆಕ್ಕವಿರುವುದಿಲ್ಲ. ಆ ಲೆಕ್ಕವನ್ನು ನೀವು ಬರೆಯಿರಿ, ಮಕ್ಕಳೇ.