ಮೋಟೆಬೆನ್ನೂರಿನ ಸುತ್ತಮುತ್ತ

ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಹಾವೇರಿಯನ್ನು ದಾಟಿ ರಾಣೆಬೆನ್ನೂರಿನತ್ತ ಧಾವಿಸುವವರ ಪಾಲಿಗೆ ಮೋಟೆಬೆನ್ನೂರು ಬ್ಯಾಡಗಿಗೆ ಹೊರಳುವ ಒಂದು ಕ್ರಾಸು ಮಾತ್ರ. ಹಂಪಿಗೋ ಜೋಗಕ್ಕೋ ಹೊರಟ ನಮ್ಮವರು ಚಹಾ ಕುಡಿಯಲೆಂದು ಇಲ್ಲಿ ಇಳಿದರೆ ಅದೇ ದೊಡ್ಡದು. ನೋಡತಕ್ಕುದೆಲ್ಲ ದೂರದಲ್ಲಿಯೇ ಇರುವುದೆಂಬ ಈ ಭಾವನೆ ನನಗೆ ಸಮ್ಮತವಲ್ಲ. ಜಪಾನಿನ ಎಷ್ಟೋ ಸಣ್ಣ ಉಪನಗರಗಳಲ್ಲಿ ರೈಲುನಿಲ್ದಾಣದಿಂದ ಹೊರಬಿದ್ದೊಡನೆ ಸುತ್ತಲಿನ ದೇಗುಲ, ಉದ್ಯಾನಗಳನ್ನು ಗುರುತಿಸಿದ ನಕಾಶೆಯೊಂದು ಎದುರಾಗುವುದುಂಟು. ಅಂಥ ನಕಾಶೆ ಮೋಟೆಬೆನ್ನೂರಿನ ಕ್ರಾಸಿಗೂ ಸಲ್ಲತಕ್ಕುದು.

ಅದರಲ್ಲಿ ಮೊದಲು ಬರೆಯಬೇಕಾದುದು ಈ ಊರ ಮಗನ ಹೆಸರನ್ನೇ. 1911ರಲ್ಲಿ ಇಲ್ಲಿ ಜನಿಸಿದ ಮೈಲಾರ ಮಹಾದೇವನು, ಇನ್ನೂ ಮೀಸೆ ಬಲಿಯದ ವಯಸ್ಸಿನಲ್ಲಿಯೇ, 1930ರ ದಾಂಡಿಯಾತ್ರೆಗೆ ಗಾಂಧೀಜಿಯವರು ಆರಿಸಿಕೊಂಡ 78 ಮಂದಿಯಲ್ಲಿ ಕರ್ನಾಟಕದ ಏಕೈಕ ಪ್ರತಿನಿಧಿಯಾಗಿ ನಡೆದವನು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ, ಪರಸರ್ಕಾರದ ಕಂದಾಯದ ಹಣವನ್ನು ಕಾವಲಿನಲ್ಲಿರಿಸಿದ್ದ ದೇವಾಲಯದ ಬಳಿ, ತಿರಕಪ್ಪ ಮಡಿವಾಳರ ಹಾಗೂ ವೀರಯ್ಯ ಹಿರೇಮಠರೊಡನೆ ಪೋಲೀಸರ ಗುಂಡಿಗೆ ಬಲಿಯಾದವನು.

ಬ್ಯಾಡಗಿ ಇಲ್ಲಿಂದ ಕೂಗಳತೆಗಿಂತ ತುಸುವೇ ಆಚೆ. ಸುಗ್ಗಿಯ ದಿನಗಳಲ್ಲಿ ಅಲ್ಲಿಯ ಮಾರುಕಟ್ಟೆಯನ್ನು ಹೊಕ್ಕವನಿಗೆ ಮೊದಲು ಸೀನು, ಅನಂತರ ದರ್ಶನ: ಚೀಲಚೀಲವಾಗಿ ಒಟ್ಟಿದ ಮೆಣಸಿನಕಾಯಿ, ಗಿಡ್ಡಗೆ ದುಂಡಗಿರುವ ಡಬ್ಬಿ, ನೀಳವಾಗಿ ಮೈಯೆಲ್ಲ ಸುಕ್ಕುಗಟ್ಟಿದ ಕಡ್ಡಿ. ಕಣ್ಣಿಗೆ ಉಗ್ರವಾಗಿ ನಾಲಗೆಗೆ ಸೌಮ್ಯವಾಗಿರುವ ಈ ಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಇದರ ಕೆಂಪನ್ನು ಓಲಿಯೋರೆಸಿನ್ ಎಂಬ ಸಾರವಾಗಿ ತೆಗೆದು ದೇಶಾಂತರಗಳಿಗೂ ಕಳುಹುತ್ತಾರೆ. ಮೂಗಿಗೆ ವಸ್ತ್ರ ಹಿಡಿದು ನೋಡಬೇಕಾದ ಪ್ರೇಕ್ಷಣೀಯ ಸ್ಥಳವೆಂದು ಇದನ್ನು ನಾನು ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತೇನೆ.

ಕನಕದಾಸರ ಕಾಗಿನೆಲೆಯೂ ಮೋಟೆಬೆನ್ನೂರಿನಂತೆ ಬ್ಯಾಡಗಿ ತಾಲ್ಲೂಕಿನಲ್ಲಿಯೇ ಇದೆ. ಕೃಷ್ಣಮೃಗಗಳಿಗಾಗಿ 1974ರಲ್ಲಿ ಘೋಷಿತವಾದ 119 ಚದರ ಕಿಲೋಮೀಟರಿನ ಅಭಯಾರಣ್ಯ ರಾಣೆಬೆನ್ನೂರಿನ ಕಡೆಗಿದೆ.

ಇವನ್ನೆಲ್ಲ ಒಂದೇ ಸುತ್ತಿನಲ್ಲಿ ಸೇರಿಸುವಾಗ ತಾಲ್ಲೂಕಿನ ಎಲ್ಲೆ ಅಡ್ಡಬರುವುದೆಂದು ಅಧಿಕಾರಿಗಳು ಆಕ್ಷೇಪಿಸಬಹುದು, ಏಕೆಂದರೆ ಹೊಸರಿತ್ತಿ ಹಾವೇರಿ ತಾಲ್ಲೂಕಿಗೆ ಸೇರಿದ್ದು. ಆದರೆ ಆಂಜನೇಯನ ಮೂರು ರೂಪಗಳಾದ ಕದರಮಂಡಲಗಿಯ ಕಾಂತೇಶನನ್ನೂ ಸಾತೇನಹಳ್ಳಿಯ ಶಾಂತೇಶನನ್ನೂ ಶಿಕಾರಿಪುರದ ಭ್ರಾಂತೇಶನನ್ನೂ ಒಂದೇ ದಿನದಲ್ಲಿ ದರ್ಶಿಸಿ ಬರುವ ಭಕ್ತರು ಮೂರು ತಾಲ್ಲೂಕುಗಳನ್ನೂ ಎರಡು ಜಿಲ್ಲೆಗಳನ್ನೂ ಯಾರ ಅಪ್ಪಣೆಯೂ ಇಲ್ಲದೆ ದಾಟುತ್ತಲೇ ಇದ್ದಾರೆ.