ಲೆಕ್ಕಕ್ಕೆ ಬಾರದ ಬಾಬುಗಳು

ಸುವರ್ಣ ಮಹೋತ್ಸವದ ಈ ಸಂಚಿಕೆಗೆ ವ್ಯಾಪಾರ ವ್ಯವಹಾರಗಳನ್ನು ಕುರಿತು ಬರೆಯಬೇಕೆಂದು ಸಮಿತಿಯವರು ಕೇಳಿದಾಗ ನನಗೆ ಮೊದಲು ತೋಚಿದುದು ಏಲಕ್ಕಿ. ಮಾರ್ಕಯನ್‌ಕೋಟ್ಟೈಯಿಂದ ಕಂಬದವರೆಗಿನ ನಮ್ಮ ಕನ್ನಡದ ಮನೆಗಳಲ್ಲಿ ಭತ್ತ, ಬಾಳೆ, ದ್ರಾಕ್ಷಿಗಳ ಮಾತಿನ ಜೊತೆಗೆ ಏಲಕ್ಕಿಯ ಮಾತೂ ನಡೆಯುತ್ತದೆ. ತೋಟಗಳಿರುವುದು ಕೇರಳದ ಇಡುಕ್ಕಿಯ ಬೆಟ್ಟಗಳಲ್ಲಿ. ಆದರೆ ಮುಂಜಾನೆ ಜೀಪುಗಳಲ್ಲಿ ಕುಮಳಿ, ಕಂಬಂಮೆಟ್ಟು, ಬೋಡಿಮೆಟ್ಟುಗಳ ಘಟ್ಟವೇರಿ ಕಾಯಿ ಕಿತ್ತು ಸಂಜೆಗೆ ಇಳಿಯುವವರಲ್ಲಿ ಅನೇಕರು ಈ ಕಣಿವೆಯವರು. ಹರಾಜು ನಡೆಯುವ ಊರುಗಳಲ್ಲಿ ಒಂದು ನಮ್ಮ ಬೋಡಿನಾಯಕನೂರು. ಆದ್ದರಿಂದ ಏಲಕ್ಕಿಯ ಏಳುಬೀಳು ನಮ್ಮದೂ ಹೌದು.

2019ರ ಆಗಸ್ಟ್‌ನಲ್ಲಿ ಇಡುಕ್ಕಿಯ ಪುಟ್ಟಡಿ ಹರಾಜಿನಲ್ಲಿ ಗರಿಷ್ಠ ಬೆಲೆ ಕಿಲೋಗೆ 7,000 ರೂಪಾಯಿ ಮುಟ್ಟಿತು. ಅಲ್ಲಿಯವರೆಗೆ ಯಾರೂ ಕಾಣದ ಬೆಲೆ. ಆದರೆ ಅದು ಹುಟ್ಟಿದ ಬಗೆ ನೋಡಬೇಕು. 2018ರ ಆಗಸ್ಟ್‌ನ ಮಹಾಮಳೆ ತೋಟಗಳನ್ನು ಕೊಳೆಸಿತ್ತು. ಮರುವರ್ಷದ ಬೇಸಗೆ ಉಳಿದುದನ್ನು ಒಣಗಿಸಿತ್ತು. ಮಾಲಿಲ್ಲದೆ ಬೆಲೆ ಏರಿತು. ಬೆಲೆಯೊಂದನ್ನೇ ನೋಡುವವನಿಗೆ ಅದು ಸುಗ್ಗಿಯ ವರ್ಷ. ಗಿಡವನ್ನು ನೋಡುವವನಿಗೆ ರೋಗಿಯ ಜ್ವರ. ಕಾಯಿ ಕಡಿಮೆಯಾದರೆ ಕೊಯ್ಲಿನ ಸುತ್ತುಗಳೂ ಕಡಿಮೆ, ಜೀಪು ಹತ್ತುವವರ ಕೂಲಿಯ ದಿನಗಳೂ ಕಡಿಮೆ. ಹರಾಜಿನ ಪಟ್ಟಿಯಲ್ಲಿ ಬಂದ ಮಾಲು, ಮಾರಿದ ಮಾಲು, ಗರಿಷ್ಠ ಬೆಲೆ, ಸರಾಸರಿ ಬೆಲೆ ಇರುತ್ತವೆ. ಕೂಲಿಯ ದಿನಗಳಿಗೆ ಅಲ್ಲಿ ಅಂಕಣವಿಲ್ಲ.

ಒಂದು ಉದ್ಯಮವನ್ನು ಬಿಡಿಬಿಡಿಯಾಗಿ ನೋಡದೆ ಅದರ ಎಲ್ಲ ಕೊಂಡಿಗಳೊಡನೆ ಇಡಿಯಾಗಿ ಕಾಣುವುದನ್ನು ವಿದ್ವಾಂಸರು ವ್ಯವಸ್ಥಾ ಚಿಂತನೆ ಎನ್ನುತ್ತಾರೆ. ಹೆಸರು ಭಾರವಾದುದು, ವಿಷಯ ಬೇಸಾಯಗಾರನಿಗೆ ಹೊಸತಲ್ಲ. ಏಲಕ್ಕಿಯ ಹೂವು ಕಾಯಿಕಟ್ಟಲು ಜೇನ್ನೊಣ ಬೇಕು. ಹೂ ಬಿಟ್ಟ ಕಾಲದಲ್ಲಿ ಹೊಡೆದ ಕೀಟನಾಶಕ ಹುಳುವಿನ ಜೊತೆಗೆ ಜೇನನ್ನೂ, ಹುಳು ತಿನ್ನುವ ಜೇಡಗಳನ್ನೂ ಕೊಲ್ಲುತ್ತದೆ. ಇತ್ತ ಕಾಯಿ ಕಡಿಮೆಯಾಗುತ್ತದೆ, ಅತ್ತ ಹುಳು ಮರಳಿ ಬರುತ್ತದೆ. ತೋಟದವನು ಹುಳುವನ್ನೇ ದೂರಿ ಮತ್ತೊಂದು ಸುತ್ತು ಹೊಡೆಸುತ್ತಾನೆ. ಔಷಧದ ಖರ್ಚು ಲೆಕ್ಕದ ಪುಸ್ತಕದಲ್ಲಿ ಕಾಣುತ್ತದೆ. ಜೇನಿನ ನಷ್ಟವನ್ನು ಯಾರು ಬರೆಯುತ್ತಾರೆ?

ಇಂಥದೇ ಕುರುಡುಲೆಕ್ಕ ಕರ್ನಾಟಕದಲ್ಲಿಯೂ ಒಮ್ಮೆ ನಡೆಯಿತು. ದಾಂಡೇಲಿಯ ಕಾಗದದ ಕಾರ್ಖಾನೆಗೆ ಸರ್ಕಾರ ಬಿದಿರನ್ನು ಟನ್ನಿಗೆ ಒಂದೂವರೆ ರೂಪಾಯಿಯಂತೆ ಕೊಡುತ್ತಿತ್ತು. 1970ರ ದಶಕದಲ್ಲಿ ಬಿದಿರು ತೀರುತ್ತ ಬಂದಾಗ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳರು ಅಧ್ಯಯನಕ್ಕೆ ತೊಡಗಿದರು. ಕಾಡಿನಲ್ಲಿ ಇದೆಯೆಂದು ಕಾಗದದ ಮೇಲೆ ಬರೆದಿದ್ದ ಬಿದಿರು ಕಾಡಿನಲ್ಲಿ ಅಷ್ಟು ಇರಲೇ ಇಲ್ಲ. ಮೆಳೆಯ ಬುಡದ ಮುಳ್ಳು ಸವರಿದರೆ ಬಿದಿರು ಚೆನ್ನಾಗಿ ಬೆಳೆಯುವುದೆಂದು ಅದನ್ನು ಸವರಿಸುತ್ತಿದ್ದರು. ಮುಳ್ಳಿನ ಕಾವಲು ಹೋದೊಡನೆ ದನಗಳೂ ಕಾಡುಪ್ರಾಣಿಗಳೂ ಎಳೆಯ ಕಳಲೆಯನ್ನು ಮೇದುಬಿಟ್ಟವು. ಇದು ಊರಿನ ಜನಕ್ಕೆ ತಿಳಿದೇ ಇತ್ತು. ಅಳೆಯುವವರು ಅವರನ್ನು ಕೇಳಿರಲಿಲ್ಲ, ಅಷ್ಟೆ.

ಕೈಬಿಟ್ಟ ಲೆಕ್ಕ ಎಲ್ಲಿ ತಲೆಯೆತ್ತುವುದೆಂದು ಹೇಳಲಾಗದು. ನಮ್ಮ ಕಣಿವೆಯ ಮೂಲಕವೇ ಸಾವಿರಾರು ಅಯ್ಯಪ್ಪ ಭಕ್ತರು ಶಬರಿಮಲೆಗೆ ಸಾಗುತ್ತಾರೆ. 2023ರ ಜನವರಿಯಲ್ಲಿ ಅಲ್ಲಿನ ಅರವಣ ಪ್ರಸಾದಕ್ಕೆ ಹಾಕಿದ ಏಲಕ್ಕಿಯಲ್ಲಿ ಕೀಟನಾಶಕದ ಅಂಶ ಮಿತಿಮೀರಿದೆಯೆಂದು ಕೇರಳ ಹೈಕೋರ್ಟು ಅದರ ಮಾರಾಟ ನಿಲ್ಲಿಸಿತು. ಲಕ್ಷಗಟ್ಟಲೆ ಡಬ್ಬಿಗಳು ಉಗ್ರಾಣದಲ್ಲಿ ಉಳಿದವು. 2024ರಲ್ಲಿ ಸುಪ್ರೀಂ ಕೋರ್ಟು ಆ ಆದೇಶವನ್ನು ರದ್ದುಮಾಡಿತೆಂಬುದನ್ನೂ ಹೇಳಬೇಕು. ಆದರೆ ಅಷ್ಟರಲ್ಲಿ ಪ್ರಸಾದ ಹಳೆಯದಾಗಿತ್ತು.

ಷೇರುಪೇಟೆಯ ಅಗ್ರ 1,000 ಕಂಪನಿಗಳು ನೀರು, ವಿದ್ಯುತ್ತು, ತ್ಯಾಜ್ಯಗಳ ವಿವರ ಕೊಡಬೇಕೆಂದು ಸೆಬಿ 2022-23ರಿಂದ ಕಡ್ಡಾಯ ಮಾಡಿದೆ. ಒಳ್ಳೆಯದೇ. ಆದರೆ ನನ್ನ ಅಭಿಪ್ರಾಯದಲ್ಲಿ ಅಂಥ ವರದಿಗಳ ದೃಷ್ಟಿ ಬಹುಮಟ್ಟಿಗೆ ಕಂಪನಿಯ ಬೇಲಿಯೊಳಗೇ ನಿಲ್ಲುತ್ತದೆ. ಜೇನಿಗೂ ಅಂತರ್ಜಲಕ್ಕೂ ಬೇಲಿಯಿಲ್ಲ. ಮೇಲಾಗಿ ನಮ್ಮ ತೋಟದವರು, ಮಂಡಿಯವರು, ದ್ರಾಕ್ಷಿಯ ರೈತರು ಯಾವ ಷೇರುಪೇಟೆಯಲ್ಲೂ ಇಲ್ಲ. ಅವರಿಗೆ ನಿಯಮ ಬರುವವರೆಗೆ ಕಾಯುವುದು ಬೇಡವೆಂಬುದೇ ನನ್ನ ವಾದ.

ಈ ಶಾಲೆಯಲ್ಲಿ ಕಲಿತು ವ್ಯಾಪಾರ, ಬೇಸಾಯ ಹಿಡಿದ ಹಳೆಯ ವಿದ್ಯಾರ್ಥಿ ಮಿತ್ರರು ತಮ್ಮ ವರ್ಷದ ಲೆಕ್ಕದಲ್ಲಿ ಲಾಭನಷ್ಟದ ಪಕ್ಕಕ್ಕೆ ನಾಲ್ಕು ಸಾಲು ಸೇರಿಸಲಿ: ಎಷ್ಟು ಸುತ್ತು ಔಷಧ ಹೊಡೆಯಿತು, ಎಷ್ಟು ಜನಕ್ಕೆ ಎಷ್ಟು ದಿನ ಕೂಲಿ ಸಿಕ್ಕಿತು, ತೋಟದಲ್ಲಿ ನೆರಳಿನ ಮರಗಳು ಎಷ್ಟು ಉಳಿದವು, ಬಾವಿಯ ನೀರು ಎಷ್ಟು ಆಳಕ್ಕೆ ಹೋಯಿತು. ಇದರಿಂದ ಬೆಲೆ ಹೆಚ್ಚು ಸಿಗುವುದೇ ಎಂದು ಕೇಳುವವರಿದ್ದಾರೆ. ಮೊದಲ ವರ್ಷ ಸಿಗಲಾರದು. ಐದಾರು ವರ್ಷದ ಅಂಕಿಗಳು ಕೂಡಿದ ಮೇಲೆ ಯಾವುದು ಯಾವುದನ್ನು ಎಳೆಯುತ್ತಿದೆಯೆಂಬುದು ತಾನೇ ಕಾಣುತ್ತದೆ. ಖರ್ಚೂ ಹೆಚ್ಚಿಲ್ಲ. ಬಾವಿಯ ಆಳಕ್ಕೆ ಗಂಟು ಹಾಕಿದ ಹಗ್ಗವೂ ಒಂದು ಕಲ್ಲೂ ಸಾಕು. ಚಿತ್ರಾ ಪೌರ್ಣಮಿಗೆ ಕಣ್ಣಗಿಯ ಗುಡಿಗೆ ಬೆಟ್ಟ ಹತ್ತಿ ಬಂದ ಮರುದಿನ, ಬೇಸಗೆ ಏರಿರುವಾಗಲೇ, ಮನೆಯ ಮಕ್ಕಳ ಕೈಯಿಂದಲೇ ಅದನ್ನು ಅಳೆಯಿಸಬಹುದು.